ದುರ್ಬಲ ತಂಡದ ಪ್ರತಿದಾಳಿ: ಎಲ್ಲಿ ಕಾಯಬೇಕು, ಯಾವಾಗ ಓಡಬೇಕು

ಫುಟ್‌ಬಾಲ್‌ನಲ್ಲಿ ಬಲಿಷ್ಠ ತಂಡದ ಎದುರು ಪಂದ್ಯ ಎಂದರೆ ನಮ್ಮ ಕೋಚ್‌ಗಳ ಬಾಯಲ್ಲಿ ಬರುವ ಮಾತು ಒಂದೇ: ‘ಎಲ್ಲರೂ ಹಿಂದೆ ನಿಲ್ಲಿ, ಚೆಂಡು ಸಿಕ್ಕರೆ ಮುಂದಕ್ಕೆ ಒದೆಯಿರಿ.’ ಒದ್ದ ಚೆಂಡು ಐದು ಸೆಕೆಂಡಿನಲ್ಲಿ ವಾಪಸ್ ಬರುತ್ತದೆ. ಮತ್ತೆ ಒದೆತ, ಮತ್ತೆ ವಾಪಸ್. ಅರವತ್ತು ನಿಮಿಷ ತಡೆದವರು ಎಪ್ಪತ್ತರಲ್ಲಿ ಗೋಲು ಬಿಟ್ಟುಕೊಟ್ಟು, ‘ಅದೃಷ್ಟ ಇರಲಿಲ್ಲ’ ಎಂದು ಬೂಟು ಬಿಚ್ಚುತ್ತಾರೆ.

ಎಡವಟ್ಟು ಆಗುವುದು ಕೆಲಸದ ಕ್ರಮದಲ್ಲಿ. ಮೊದಲು ಹತ್ತು ಜನರ ರಕ್ಷಣೆ ಕಟ್ಟಿ, ಮಿಕ್ಕ ಒಬ್ಬರನ್ನು ಮುಂದೆ ನಿಲ್ಲಿಸಿ, ಅದನ್ನೇ ಪ್ರತಿದಾಳಿ (ಚೆಂಡು ಕಸಿದ ಕೂಡಲೇ ಎದುರಾಳಿಯ ಗೋಲಿನತ್ತ ನುಗ್ಗುವುದು) ಎಂದು ಕರೆಯುತ್ತೇವೆ. ಇಲ್ಲಿ ಹೇಳುವುದು ಅದರ ತಿರುಗುಮುರುಗು ಕ್ರಮ. ಓಡುವವರನ್ನು ಮೊದಲು ಆರಿಸಿ. ಅವರಿಗೆ ಚೆಂಡು ಎಲ್ಲಿಂದ ಸಿಗಬೇಕು ಎಂದು ತೀರ್ಮಾನಿಸಿ. ಆ ಜಾಗದಲ್ಲಿ ಚೆಂಡು ಕಸಿಯಲು ಬೇಕಾದಂತೆ ರಕ್ಷಣೆ ಕಟ್ಟಿ. ಉದಾಹರಣೆಗಳೆಲ್ಲ ವಿಶ್ವಕಪ್ ಮತ್ತಿತರ ಅಂತರರಾಷ್ಟ್ರೀಯ ಪಂದ್ಯಗಳವು. ರಾಷ್ಟ್ರೀಯ ತಂಡಗಳಿಗೂ ಒಟ್ಟಿಗೆ ಅಭ್ಯಾಸ ಮಾಡಲು ಸಿಗುವುದು ಕೆಲವೇ ದಿನ. ಆ ವಿಷಯದಲ್ಲಿ ಅವರ ಕಷ್ಟವೂ ನಮ್ಮ ಕಷ್ಟವೂ ಒಂದೇ.

## ಶುರು ಮಾಡುವ ಮುನ್ನ ಬೇಕಾದವು

ಹದಿನಾರು ಕೋನ್, ಎರಡು ಬಣ್ಣದ ಬಿಬ್ (ತಂಡ ಗುರುತಿಸಲು ಮೇಲೆ ಹಾಕುವ ತೋಳಿಲ್ಲದ ಅಂಗಿ), ಸೀಟಿ, ಸ್ಟಾಪ್‌ವಾಚ್, ತಲಾ ಹತ್ತು ಮೀಟರಿನ ಮೂರು ಹಗ್ಗ. ಜೊತೆಗೆ ಎತ್ತರದ ಜಾಗದಿಂದ ಇಡೀ ಮೈದಾನ ಹಿಡಿಯುವ ಒಂದು ಫೋನ್ ಕ್ಯಾಮೆರಾ. ಗ್ಯಾಲರಿ ಇಲ್ಲದಿದ್ದರೆ ಪಕ್ಕದ ಕಟ್ಟಡದ ಮಹಡಿ ಸಾಕು. ಚೆಂಡಿನ ಹಿಂದೆಯೇ ಓಡುವ ವಿಡಿಯೊ ಈ ಕೆಲಸಕ್ಕೆ ಬರುವುದಿಲ್ಲ, ಏಕೆಂದರೆ ನಿಮಗೆ ಕಾಣಬೇಕಾದದ್ದು ಚೆಂಡಿಲ್ಲದವರು ಎಲ್ಲಿ ನಿಂತಿದ್ದಾರೆ ಎಂಬುದು.

ಮೈದಾನದ ಅಳತೆ ತಿಳಿದಿರಲಿ. ಅಂತರರಾಷ್ಟ್ರೀಯ ಪಂದ್ಯಗಳ ಮೈದಾನ ಸಾಮಾನ್ಯವಾಗಿ 105 ಮೀಟರ್ ಉದ್ದ, 68 ಮೀಟರ್ ಅಗಲ. ನಿಮ್ಮದು ಅದಕ್ಕಿಂತ ಚಿಕ್ಕದಾದರೆ ಮುಂದೆ ಹೇಳುವ ಅಂತರಗಳನ್ನೂ ಅದೇ ಪ್ರಮಾಣದಲ್ಲಿ ಕುಗ್ಗಿಸಿ.

## ಹಂತ 1: ಓಡುವ ಇಬ್ಬರನ್ನು ಮತ್ತು ಅವರ ಜಾಗವನ್ನು ಆರಿಸಿ

ಎದುರಾಳಿ ದಾಳಿಗೆ ಹೋದಾಗ ಎಲ್ಲಿ ಜಾಗ ಖಾಲಿ ಬಿಡುತ್ತಾರೆ? ಅವರ ಹಳೆಯ ಪಂದ್ಯವೊಂದನ್ನು ನೋಡಿ ಈ ಒಂದು ಪ್ರಶ್ನೆಗೆ ಉತ್ತರ ಬರೆದಿಟ್ಟುಕೊಳ್ಳಿ. ಹೆಚ್ಚಿನ ಸಲ ಉತ್ತರ, ಮೇಲಕ್ಕೆ ಓಡುವ ಫುಲ್‌ಬ್ಯಾಕ್‌ನ (ಅಂಚಿನ ಡಿಫೆಂಡರ್) ಬೆನ್ನ ಹಿಂದೆ.

2018ರ ವಿಶ್ವಕಪ್‌ನಲ್ಲಿ ಮೆಕ್ಸಿಕೊ ಜರ್ಮನಿಯನ್ನು 1-0ಯಿಂದ ಸೋಲಿಸಿದ್ದು ಹೀಗೆ. ಜರ್ಮನಿಯ ಬಲ ಫುಲ್‌ಬ್ಯಾಕ್ ಕಿಮಿಚ್ ದಾಳಿಗೆ ಮುಂದೆ ಹೋಗುತ್ತಲೇ ಇದ್ದರು. 35ನೇ ನಿಮಿಷದಲ್ಲಿ ಖೆದೀರಾ ಚೆಂಡು ಕಳೆದುಕೊಂಡರು. ಹಾವಿಯೆರ್ ಹೆರ್ನಾಂಡೆಸ್ ಅದನ್ನು ನಡುವಿನಿಂದ ಮುಂದಕ್ಕೊಯ್ದು ಎಡಕ್ಕೆ, ಲೊಸಾನೊಗೆ ಕೊಟ್ಟರು. ಅಲ್ಲಿ ತಡೆಯಲು ಹಿಂದಕ್ಕೋಡಿ ಬಂದವರು ಓಸಿಲ್, ಅಂದರೆ ಜರ್ಮನಿಯ ದಾಳಿ ಕಟ್ಟುವ ಆಟಗಾರ. ಲೊಸಾನೊ ಒಳಕ್ಕೆ ತಿರುಗಿ ಹೊಡೆದರು. ಕಿಮಿಚ್ ಬಿಟ್ಟುಹೋದ ಜಾಗದ ಬದಿಯಲ್ಲೇ ಮೆಕ್ಸಿಕೊ ತನ್ನ ವೇಗದ ವಿಂಗರ್‌ನನ್ನು (ಅಂಚಿನಲ್ಲಿ ಓಡುವ ದಾಳಿಗಾರ) ಇಟ್ಟುಕೊಂಡಿತ್ತು.

ನಿಮಗೆ ಬೇಕಾದದ್ದು ಎರಡು ಬಗೆಯ ಆಟಗಾರರು. ಒಬ್ಬರು, ಬೆನ್ನಿಗೆ ಡಿಫೆಂಡರ್ ಅಂಟಿಕೊಂಡಿದ್ದರೂ ಚೆಂಡು ಹಿಡಿದು ಎರಡು ಸೆಕೆಂಡು ನಿಲ್ಲಬಲ್ಲವರು. ಇನ್ನೊಬ್ಬರು, ಆ ಎರಡು ಸೆಕೆಂಡಿನಲ್ಲಿ ಪಕ್ಕದಿಂದ ಹಾರಿಹೋಗುವವರು.

ಇಲ್ಲಿ ಆಗುವ ತಪ್ಪು: ತಂಡದ ಅತಿ ವೇಗಿಯನ್ನು ಒಂಟಿಯಾಗಿ ತುದಿಯಲ್ಲಿ ನಿಲ್ಲಿಸುವುದು. ಓಡಲು ಬರುವವರಿಗೆ ಚೆಂಡು ಹಿಡಿದು ನಿಲ್ಲಲು ಬರಲೇಬೇಕೆಂದೇನಿಲ್ಲ. ನಾನೂ ಒಂದು ಸೀಸನ್ ಪೂರ್ತಿ ಇದೇ ತಪ್ಪು ಮಾಡಿದೆ. ನಮ್ಮ ಓಟಗಾರ ತೊಂಬತ್ತು ನಿಮಿಷ ಎರಡು ಆಳೆತ್ತರದ ಸ್ಟಾಪರ್‌ಗಳ (ನಡುವಿನ ಡಿಫೆಂಡರ್‌ಗಳು) ನಡುವೆ ಬಾಳೆಗಿಡದ ಹಾಗೆ ನಿಂತಿರುತ್ತಿದ್ದ.

## ಹಂತ 2: ಹಿಂಬದಿ ಸಾಲಿನ ಎತ್ತರ ನಿಗದಿಪಡಿಸಿ

ಡಿಫೆಂಡರ್‌ಗಳ ಸಾಲು ಗೋಲಿನಿಂದ ಎಷ್ಟು ದೂರ ಇರಬೇಕು? ಬಾಕ್ಸ್‌ನ (ಗೋಲಿನ ಮುಂದಿನ ದೊಡ್ಡ ಚೌಕ) ಅಂಚಿನಲ್ಲಿ ನಿಂತರೆ ಬೆನ್ನ ಹಿಂದೆ ಜಾಗ ಇರುವುದಿಲ್ಲ, ಆದರೆ ಎದುರಾಳಿಯ ಗೋಲು ದೂರ. ಮಧ್ಯಗೆರೆಯ ಹತ್ತಿರ ನಿಂತರೆ ಪ್ರತಿದಾಳಿಯ ದಾರಿ ಚಿಕ್ಕದು, ಆದರೆ ಬೆನ್ನ ಹಿಂದೆ ಬಯಲು.

2022ರ ವಿಶ್ವಕಪ್‌ನಲ್ಲಿ ಸೌದಿ ಅರೇಬಿಯಾ ಅರ್ಜೆಂಟೀನಾವನ್ನು 2-1ರಿಂದ ಸೋಲಿಸಿದಾಗ ಕೋಚ್ ಹರ್ವೆ ರೆನಾರ್ ಎರಡನೆಯ ದಾರಿ ಹಿಡಿದರು. ಪಂದ್ಯದಲ್ಲಿ ಅರ್ಜೆಂಟೀನಾ ಹತ್ತು ಸಲ ಆಫ್‌ಸೈಡ್ (ಪಾಸ್ ಕೊಡುವ ಹೊತ್ತಿಗೆ ಕೊನೆಯ ಡಿಫೆಂಡರ್‌ನನ್ನು ದಾಟಿ ನಿಂತಿರುವ ತಪ್ಪು) ಆಯಿತು. ಮೊದಲಾರ್ಧದಲ್ಲೇ ಮೂರು ಗೋಲುಗಳು ರದ್ದಾದವು. ಅದನ್ನು ನೋಡಿ ಮರುವಾರವೇ ತಮ್ಮ ಸಾಲನ್ನು ಮೇಲಕ್ಕೆ ತಂದವರು ಒಂದು ವಿಷಯ ಮರೆಯುತ್ತಾರೆ. ಅಲ್ಲಿ ಕೂದಲೆಳೆಯ ಆಫ್‌ಸೈಡ್ ಪತ್ತೆಹಚ್ಚಲು ವಿಡಿಯೊ ರೆಫ್ರಿ ಇದ್ದರು. ನಿಮ್ಮ ಪಂದ್ಯದಲ್ಲಿ ಇರುವುದು ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಓಡುವ ಒಬ್ಬ ಲೈನ್ಸ್‌ಮನ್, ಕೆಲವೊಮ್ಮೆ ಅವರೂ ಇಲ್ಲ.

ಮೊದಲ ಸಲ ಈ ಆಟ ಕಲಿಸುತ್ತಿದ್ದರೆ ಸಾಲು ಬಾಕ್ಸ್‌ನ ಗೆರೆಯಿಂದ ಐದರಿಂದ ಹತ್ತು ಮೀಟರ್ ಮುಂದೆ ಇರಲಿ. ಎಲ್ಲರ ಬಾಯಲ್ಲೂ ಒಂದೇ ನಿಯಮ ಇರಲಿ: ಚೆಂಡಿರುವವರ ಮೇಲೆ ಒತ್ತಡ ಇದ್ದರೆ ಸಾಲು ನಿಲ್ಲುತ್ತದೆ. ಒತ್ತಡ ಇಲ್ಲದೆ ಅವರು ತಲೆಯೆತ್ತಿ ನೋಡುತ್ತಿದ್ದರೆ ನಾಲ್ವರೂ ಒಟ್ಟಿಗೆ ಹಿಂದೆ ಸರಿಯುತ್ತಾರೆ. ಎದುರಾಳಿ ಹಿಂದಕ್ಕೆ ಪಾಸ್ ಕೊಟ್ಟರೆ ಒಟ್ಟಿಗೆ ಮೇಲೆ ಬರುತ್ತಾರೆ. ಈ ಮೂರನೆಯದನ್ನೇ ಎಲ್ಲರೂ ಮರೆಯುವುದು. ಸಾಲು ಹಿಂದೆ ಸರಿಯುತ್ತದೆ, ಮೇಲೆ ಬರುವುದೇ ಇಲ್ಲ. ಹತ್ತು ನಿಮಿಷದಲ್ಲಿ ನಾಲ್ವರೂ ಗೋಲಿಯ (ಗೋಲ್‌ಕೀಪರ್) ಮಡಿಲಲ್ಲಿ ಇರುತ್ತಾರೆ.

## ಹಂತ 3: ಎರಡು ಸಾಲು, ನಡುವೆ ಒಬ್ಬ ಕಾವಲುಗಾರ

2022ರ ಮೊರಾಕೊ ತಂಡವನ್ನು ಮಾದರಿಯಾಗಿ ಇಟ್ಟುಕೊಳ್ಳಿ. ಕೋಚ್ ವಾಲಿದ್ ರೆಗ್ರಾಗಿ ಹೊಣೆ ಹೊತ್ತು ಮೂರು ತಿಂಗಳೂ ಆಗಿರಲಿಲ್ಲ. ಸೆಮಿಫೈನಲ್‌ವರೆಗೆ ಆ ತಂಡ ಬಿಟ್ಟುಕೊಟ್ಟದ್ದು ಒಂದೇ ಗೋಲು, ಅದೂ ಕೆನಡಾ ವಿರುದ್ಧ ತಮ್ಮದೇ ಆಟಗಾರನ ಕಾಲಿಗೆ ತಗುಲಿದ್ದು. ಸ್ಪೇನ್ 120 ನಿಮಿಷದಲ್ಲಿ ಸಾವಿರಕ್ಕೂ ಹೆಚ್ಚು ಪಾಸ್ ಮಾಡಿಯೂ ಗೋಲು ಕಾಣದೆ ಪೆನಾಲ್ಟಿಯಲ್ಲಿ ಸೋತಿತು.

ಹಿಂದೆ ನಾಲ್ವರು, ಅವರ ಮುಂದೆ ಸೋಫಿಯಾನ್ ಅಮ್ರಾಬತ್ ಒಬ್ಬರೇ, ಅವರ ಮುಂದೆ ನಾಲ್ವರ ಇನ್ನೊಂದು ಸಾಲು, ತುದಿಯಲ್ಲಿ ಸ್ಟ್ರೈಕರ್ (ಗೋಲು ಹೊಡೆಯಲೆಂದು ಮುಂದೆ ಇರುವ ಆಟಗಾರ) ಎನ್-ನೆಸಿರಿ. ಎರಡು ಸಾಲುಗಳ ನಡುವೆ ಚೆಂಡು ಪಡೆದು ತಿರುಗುವ ಎದುರಾಳಿಯೇ ಅತಿ ಅಪಾಯಕಾರಿ. ಅಲ್ಲಿ ಅಮ್ರಾಬತ್ ಮೊದಲೇ ನಿಂತಿರುತ್ತಿದ್ದರು.

ಮೈದಾನದಲ್ಲಿ ಇದನ್ನು ಕಲಿಸುವುದು ಹೀಗೆ:

1. ಹಿಂದಿನ ನಾಲ್ವರ ಸೊಂಟಕ್ಕೆ ಹಗ್ಗ ಸಡಿಲವಾಗಿ ಸಿಕ್ಕಿಸಿ, ಒಬ್ಬರಿಂದ ಇನ್ನೊಬ್ಬರಿಗೆ ಹತ್ತು ಮೀಟರ್ ಮೀರದಂತೆ. ನೀವು ಚೆಂಡು ಹಿಡಿದು ಆ ಬದಿಯಿಂದ ಈ ಬದಿಗೆ ನಡೆಯಿರಿ. ನಾಲ್ವರೂ ನಿಮ್ಮೊಂದಿಗೆ ಸರಿಯಬೇಕು. ನಡಿಗೆ ಸಾಕು, ಓಟ ಬೇಡ. ಎಡವಿ ಬೀಳದಿರಲು ಇದು ಮುಖ್ಯ.

2. ಹಗ್ಗ ಬಿಚ್ಚಿ, ಮುಂದಿನ ನಾಲ್ವರನ್ನೂ ಸೇರಿಸಿ. ಎರಡು ಸಾಲುಗಳ ನಡುವೆ ಹತ್ತರಿಂದ ಹನ್ನೆರಡು ಮೀಟರ್. ಸ್ಟ್ರೈಕರ್‌ನಿಂದ ಹಿಂಬದಿಯ ಸಾಲಿಗೆ ಮೂವತ್ತು ಮೀಟರ್ ಮೀರಬಾರದು.

3. ಚೆಂಡು ಬಲಕ್ಕೆ ಹೋದಾಗ ಎಡ ಅಂಚಿನ ಇಪ್ಪತ್ತೈದು ಮೀಟರ್ ಬಿಟ್ಟುಬಿಡಿ. ಆಟಗಾರರಿಗೆ ಇದನ್ನು ಒಪ್ಪಿಸುವುದು ಕಷ್ಟ, ‘ಅಲ್ಲಿ ಒಬ್ಬ ಫ್ರೀ ಇದ್ದಾನೆ’ ಎಂದು ಕೂಗುತ್ತಲೇ ಇರುತ್ತಾರೆ. ಇರಲಿ. ಅಷ್ಟು ದೂರದ ಪಾಸ್ ಗಾಳಿಯಲ್ಲಿ ಇರುವಷ್ಟರಲ್ಲಿ ಇಡೀ ಸಾಲು ಸರಿಯಬಹುದು.

4. ಈಗ ಎಂಟು ಜನ ಬಿಬ್ ಹಾಕಿಕೊಂಡು ಚೆಂಡು ಆಡಿಸಲಿ. ನಿಮ್ಮವರು ಮೊದಲ ಹತ್ತು ನಿಮಿಷ ಚೆಂಡು ಕಸಿಯುವಂತಿಲ್ಲ, ಜಾಗ ಮುಚ್ಚಬೇಕು ಅಷ್ಟೆ. ಬೇಸರದ ಅಭ್ಯಾಸ ನಿಜ. ಇದನ್ನು ಅರ್ಧಕ್ಕೆ ಬಿಟ್ಟು ಮುಂದಿನ ಹಂತಕ್ಕೆ ಹಾರಿದ ತಂಡಗಳು ಪಂದ್ಯದಲ್ಲಿ ಇದೇ ಜಾಗದಲ್ಲಿ ಒಡೆಯುತ್ತವೆ.

ಗೋಲಿಯ ಬಗ್ಗೆ ಒಂದು ಮಾತು. 2019ರ ಸೆಪ್ಟೆಂಬರ್ 10ರಂದು ದೋಹಾದಲ್ಲಿ ಭಾರತ ಏಷ್ಯಾ ಚಾಂಪಿಯನ್ ಕತಾರ್ ಜೊತೆ 0-0 ಡ್ರಾ ಮಾಡಿಕೊಂಡಿತು. ಸುನಿಲ್ ಛೇತ್ರಿ ಆಡಿರಲಿಲ್ಲ. ಬೆಂಗಳೂರು ಎಫ್‌ಸಿಯ ಗೋಲಿ ಗುರ್‌ಪ್ರೀತ್ ಸಿಂಗ್ ಸಂಧು ನಾಯಕರಾಗಿ ಒಂದರ ಮೇಲೊಂದು ಹೊಡೆತ ತಡೆದರು. ಅಭಿಮಾನಿಯಾಗಿ ಅದು ಮರೆಯಲಾಗದ ರಾತ್ರಿ. ಆದರೆ ಗೋಲಿಗೆ ಅಷ್ಟು ಕೆಲಸ ಕೊಡುವ ಯೋಜನೆಯನ್ನು ಪ್ರತಿ ವಾರ ನಂಬಿ ಕೂರಲಾಗದು. ನಿಮ್ಮ ಗೋಲಿ ಪಂದ್ಯದ ಶ್ರೇಷ್ಠ ಆಟಗಾರನಾದರೆ ಈ ಹಂತಕ್ಕೆ ಹಿಂತಿರುಗಿ.

## ಹಂತ 4: ಬಲೆ ಎಲ್ಲಿ ಬೀಸಬೇಕು

ಕಬಡ್ಡಿ ಆಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಒಳ್ಳೆಯ ಡಿಫೆನ್ಸ್ ರೈಡರ್ ಮೇಲೆ ಅಂಗಳದ ನಡುವೆ ಬೀಳುವುದಿಲ್ಲ. ಸರಪಳಿ ಕಟ್ಟಿ ಮೂಲೆಗೆ ಒತ್ತುತ್ತದೆ, ಗೆರೆಯೂ ಒಬ್ಬ ಆಟಗಾರನಂತೆ ಕೆಲಸ ಮಾಡುತ್ತದೆ. ಫುಟ್‌ಬಾಲ್‌ನಲ್ಲೂ ನಡುವಿನ ದಾರಿ ಮುಚ್ಚಿ, ಅಂಚಿನ ದಾರಿ ಬೇಕೆಂದೇ ತೆರೆದಿಡಿ. ಚೆಂಡು ಅಂಚಿಗೆ ಹೋದ ಕೂಡಲೇ ಮೂವರು ಮುಗಿಬೀಳಲಿ: ಒಬ್ಬರು ಚೆಂಡಿಗೆ, ಒಬ್ಬರು ಹಿಂದಕ್ಕೆ ಕೊಡುವ ಪಾಸಿಗೆ, ಇನ್ನೊಬ್ಬರು ಒಳಕ್ಕೆ ಕೊಡುವ ಪಾಸಿಗೆ.

ಯಾವ ಅಂಚು? ಹಂತ 1ರಲ್ಲಿ ಬರೆದಿಟ್ಟದ್ದನ್ನು ನೋಡಿ. ಓಡುವ ಜಾಗಕ್ಕೆ ಒಂದೇ ನೇರ ಪಾಸಿನಲ್ಲಿ ಚೆಂಡು ಹೋಗಬಹುದಾದ ಅಂಚು.

ಮುಗಿಬೀಳುವ ಸಂಕೇತ ಮೂರೇ ಇರಲಿ: ಎದುರಾಳಿಯ ಮೊದಲ ಟಚ್ ಕಾಲಿನಿಂದ ದೂರ ಹಾರಿದಾಗ, ಚೆಂಡು ಪಡೆದವರು ತಮ್ಮದೇ ಗೋಲಿನ ಕಡೆ ಮುಖ ಮಾಡಿದ್ದಾಗ, ನಿಧಾನವಾದ ಅಡ್ಡ ಪಾಸ್ ಬಂದಾಗ. ಐದಾರು ಸಂಕೇತ ಕೊಟ್ಟರೆ ಇಬ್ಬರು ಓಡುತ್ತಾರೆ, ಎಂಟು ಮಂದಿ ಯೋಚಿಸುತ್ತಾ ನಿಲ್ಲುತ್ತಾರೆ.

ಹಿಂದೆ ನಿಲ್ಲುವ ತಂಡ ಮೇಲೆ ಹೋಗಿ ಒತ್ತಲೇಬಾರದು ಎಂಬ ನಿಯಮವೂ ಇಲ್ಲ. 2022ರಲ್ಲಿ ಜಪಾನ್ ಸ್ಪೇನ್ ವಿರುದ್ಧ ಮೊದಲಾರ್ಧ ಬಹುಪಾಲು ಹಿಂದೆ ಕಾದು 0-1ರಿಂದ ಹಿಂದಿತ್ತು. ವಿರಾಮದಲ್ಲಿ ಕೋಚ್ ಮೊರಿಯಾಸು, ದೋಆನ್ ಮತ್ತು ಮಿತೋಮಾರನ್ನು ಇಳಿಸಿ ಸ್ಪೇನ್‌ನ ಬಾಕ್ಸ್‌ವರೆಗೆ ಹೋಗಿ ಒತ್ತಲು ಬಿಟ್ಟರು. 48 ಮತ್ತು 51ನೇ ನಿಮಿಷದಲ್ಲಿ ಎರಡು ಗೋಲು. ಆಮೇಲೆ ಮತ್ತೆ ಹಿಂದೆ ಸರಿದು ಬಾಗಿಲು ಹಾಕಿಕೊಂಡಿತು. ಪಂದ್ಯದಲ್ಲಿ ಜಪಾನ್ ಬಳಿ ಚೆಂಡಿದ್ದದ್ದು ಶೇ 18ರ ಆಸುಪಾಸು ಮಾತ್ರ. ಹತ್ತು ನಿಮಿಷದ ಇಂಥ ಒತ್ತಡಕ್ಕೆ ಎಲ್ಲರಿಗೂ ಗೊತ್ತಿರುವ ಒಂದು ಕೂಗು ಇಟ್ಟುಕೊಳ್ಳಿ. ಶುರುವಿಗೂ ಮುಗಿಸಲಿಕ್ಕೂ ಬೇರೆ ಬೇರೆ ಪದ.

## ಹಂತ 5: ಚೆಂಡು ಸಿಕ್ಕ ಮೊದಲ ಮೂರು ಸೆಕೆಂಡು

ಹೆಚ್ಚಿನ ತಂಡಗಳು ಸೋಲುವುದು ಇಲ್ಲೇ. ಕಷ್ಟಪಟ್ಟು ಕಸಿದ ಚೆಂಡನ್ನು ಪಕ್ಕದವರಿಗೆ ತಳ್ಳುತ್ತಾರೆ, ಅಲ್ಲಿ ಆಗಲೇ ಎದುರಾಳಿ ನಿಂತಿರುತ್ತಾರೆ. ಅಥವಾ ಕಣ್ಣುಮುಚ್ಚಿ ಒದೆಯುತ್ತಾರೆ.

ನಿಯಮ ಹೀಗಿರಲಿ. ಕಸಿದವರು ಮೊದಲು ನೋಡಬೇಕಾದದ್ದು ಚೆಂಡು ಹಿಡಿದು ನಿಲ್ಲುವ ಆಟಗಾರನತ್ತ. ಅಲ್ಲಿಗೆ ದಾರಿ ಇದ್ದರೆ ನೆಲದ ಮೇಲೆ ಗಟ್ಟಿ ಪಾಸ್. ದಾರಿ ಇಲ್ಲದಿದ್ದರೆ ಚೆಂಡಿನೊಂದಿಗೆ ಖಾಲಿ ಜಾಗಕ್ಕೆ ನಾಲ್ಕು ಹೆಜ್ಜೆ. ಅದೂ ಆಗದಿದ್ದರೆ ಪ್ರತಿದಾಳಿ ಮರೆತು, ಹಿಂದಕ್ಕೆ ಕೊಟ್ಟು ಚೆಂಡು ಉಳಿಸಿಕೊಳ್ಳಿ. ಈ ಮೂರನೆಯ ಆಯ್ಕೆ ಹೇಡಿತನ ಅಲ್ಲ. ಎದುರಾಳಿ ಚೆಂಡಿನ ಹಿಂದೆ ಓಡುವ ಪ್ರತಿ ಇಪ್ಪತ್ತು ಸೆಕೆಂಡೂ ನಿಮ್ಮ ಡಿಫೆಂಡರ್‌ಗಳಿಗೆ ಉಸಿರು.

ಅಭ್ಯಾಸಕ್ಕೆ ಮೂವತ್ತು ಮೀಟರ್ ಚೌಕ ಹಾಕಿ. ಒಳಗೆ ಆರು ಜನ ಚೆಂಡು ಆಡಿಸಲಿ, ನಾಲ್ವರು ಕಸಿಯಲಿ. ಕಸಿದ ಕ್ಷಣ ನೀವು ಮೂರು ಎಣಿಸಿ. ಅಷ್ಟರೊಳಗೆ ಚೆಂಡು ಚೌಕದ ಹೊರಗೆ ನಿಂತ ಸ್ಟ್ರೈಕರ್ ಕಾಲಿಗೆ ಹೋದರೆ ಒಂದು ಅಂಕ. ಹದಿನೈದು ನಿಮಿಷ, ವಾರಕ್ಕೆ ಎರಡು ಸಲ. ಎರಡನೆಯ ವಾರದ ಹೊತ್ತಿಗೆ ಅವರು ಚೆಂಡು ಕಸಿಯುವ ಮೊದಲೇ ಕತ್ತು ತಿರುಗಿಸಿ ನೋಡಲು ಶುರು ಮಾಡುತ್ತಾರೆ. ನಿಮಗೆ ಬೇಕಾಗಿದ್ದದ್ದು ಅದೇ.

## ಹಂತ 6: ಓಟದ ದಾರಿಗಳು

2018ರ ಜುಲೈ 2, ರೊಸ್ತೋವ್. ಬೆಲ್ಜಿಯಂ-ಜಪಾನ್ 2-2. ತೊಂಬತ್ತು ನಿಮಿಷದ ನಂತರ ಸೇರಿಸಿದ ಸಮಯದ ನಾಲ್ಕನೇ ನಿಮಿಷ, ಜಪಾನ್‌ಗೆ ಕಾರ್ನರ್ (ಮೈದಾನದ ಮೂಲೆಯಿಂದ ಒದೆಯುವ ಅವಕಾಶ). ಬೆಲ್ಜಿಯಂ ಗೋಲಿ ಕೋರ್ಟ್ವಾ ಚೆಂಡು ಹಿಡಿದ ತಕ್ಷಣ ಡಿಬ್ರೂಯ್ನ ಕಾಲಿಗೆ ಉರುಳಿಸಿದರು. ಅಲ್ಲಿಂದ ಗೋಲಾಗಲು ಸುಮಾರು ಹತ್ತು ಸೆಕೆಂಡು. ಈ ತುಣುಕನ್ನು ನಿಮ್ಮ ತಂಡಕ್ಕೆ ಇಪ್ಪತ್ತು ಸಲ ತೋರಿಸಿ, ಪ್ರತಿ ಸಲ ಬೇರೆ ಆಟಗಾರನನ್ನು ನೋಡಲು ಹೇಳಿ.

ಡಿಬ್ರೂಯ್ನ ನಡುವಿನಿಂದ ಓಡಿದರು, ಡಿಫೆಂಡರ್ ಎದುರಾಗುವವರೆಗೆ ಪಾಸ್ ಕೊಡಲಿಲ್ಲ. ಲುಕಾಕು ಒಳಕ್ಕೆ ಓಡಿ ಒಬ್ಬ ಡಿಫೆಂಡರ್‌ನನ್ನು ತಮ್ಮೊಂದಿಗೆ ಎಳೆದೊಯ್ದರು, ಬಲ ಅಂಚು ಖಾಲಿಯಾಯಿತು. ಅಲ್ಲಿಗೆ ಮ್ಯೂನಿಯೆ ಬಂದರು. ಅವರ ಕ್ರಾಸ್ (ಅಂಚಿನಿಂದ ಗೋಲಿನ ಮುಂದಕ್ಕೆ ಕೊಡುವ ಪಾಸ್) ನೆಲದ ಮೇಲೆ ಬಂದಾಗ ಲುಕಾಕು ಅದನ್ನು ಮುಟ್ಟದೆ ಕಾಲ ಕೆಳಗಿನಿಂದ ಬಿಟ್ಟರು. ಹಿಂದಿದ್ದ ಶಾದ್ಲಿ ಗೋಲು ಹೊಡೆದರು. ಗೋಲಿನ ಪಟ್ಟಿಯಲ್ಲಿ ಲುಕಾಕು ಹೆಸರಿಲ್ಲ, ಆದರೆ ಎರಡು ಸಲ ದಾರಿ ಮಾಡಿಕೊಟ್ಟವರು ಅವರೇ.

ಇದನ್ನೇ ಮೂರು ದಾರಿಗಳಾಗಿ ಕಲಿಸಿ: ನಡುವೆ ಚೆಂಡು, ಎರಡೂ ಪಕ್ಕ ಒಬ್ಬೊಬ್ಬರು, ಐದು ಮೀಟರ್ ಹಿಂದೆ ನಾಲ್ಕನೆಯವರು. ಮಧ್ಯಗೆರೆಯಿಂದ ನಾಲ್ವರು ಮೂವರ ಎದುರು ಶುರು ಮಾಡಲಿ, ಹತ್ತು ಸೆಕೆಂಡಿನೊಳಗೆ ಹೊಡೆತ ಆಗಬೇಕು, ಆಗದಿದ್ದರೆ ಸೀಟಿ.

ಸಾಮಾನ್ಯ ತಪ್ಪುಗಳು: ಮೂವರೂ ಚೆಂಡಿನ ಕಡೆಗೇ ಓಡಿ ಗುಂಪಾಗುವುದು, ಡಿಫೆಂಡರ್ ಇನ್ನೂ ಹತ್ತು ಮೀಟರ್ ದೂರ ಇರುವಾಗಲೇ ಪಾಸ್ ಕೊಟ್ಟುಬಿಡುವುದು, ಮತ್ತು ತಮ್ಮ ಅರ್ಧದಿಂದ ಹೊರಡದೆ ಆಫ್‌ಸೈಡ್ ಆಗುವುದು. ಮೂರನೆಯದಕ್ಕೆ ಮದ್ದು ಸುಲಭ. ಪಾಸ್ ಕೊಡುವಾಗ ತಮ್ಮ ಅರ್ಧದಲ್ಲಿದ್ದವರು ಆಫ್‌ಸೈಡ್ ಆಗುವುದೇ ಇಲ್ಲ. ಎದುರಾಳಿ ಮಧ್ಯಗೆರೆ ದಾಟಿ ಬಂದಿದ್ದರೆ ಗೆರೆಯ ಈಚೆಯಿಂದಲೇ ಓಟ ಶುರು ಮಾಡಲಿ.

## ಹಂತ 7: ಓಡದೆ ಉಳಿಯುವವರು

ಮೇಲಿನ ಪಂದ್ಯವನ್ನೇ ಜಪಾನ್ ಕಡೆಯಿಂದ ನೋಡಿ. ಕೊನೆಯ ಕ್ಷಣದ ಕಾರ್ನರ್‌ಗೆ ಅಷ್ಟು ಜನರನ್ನು ಮುಂದೆ ಕಳಿಸಿದ್ದೇ ಮುಳುವಾಯಿತು. 2022ರ ಕ್ವಾರ್ಟರ್‌ಫೈನಲ್‌ನಲ್ಲಿ ಬ್ರೆಜಿಲ್ ಮಾಡಿದ್ದು ಇನ್ನೂ ದೊಡ್ಡ ತಪ್ಪು. ಕ್ರೊಯೇಷಿಯಾ ವಿರುದ್ಧ 1-0 ಮುಂದಿದ್ದೂ, ಮುಗಿಯಲು ಕೆಲವೇ ನಿಮಿಷ ಇದ್ದೂ, ಮುಂದೆ ಹೋಗಿ ಚೆಂಡು ಕಳೆದುಕೊಂಡಿತು. 117ನೇ ನಿಮಿಷದಲ್ಲಿ ಪೆಟ್ಕೊವಿಚ್ ಸಮಬಲ ಗೋಲು ಹೊಡೆದರು, ಪೆನಾಲ್ಟಿಯಲ್ಲಿ ಬ್ರೆಜಿಲ್ ಮನೆಗೆ ಹೋಯಿತು.

ನಾಲ್ವರು ಓಡಿದರೆ ಐವರು ಉಳಿಯಬೇಕು, ಎಲ್ಲಿ ಎಂದೂ ಗೊತ್ತಿರಬೇಕು. ನಮ್ಮ ಕಾರ್ನರ್ ಆದಾಗ ಎದುರಾಳಿ ಮುಂದೆ ಬಿಟ್ಟಿರುವವರಿಗಿಂತ ಒಬ್ಬರು ಹೆಚ್ಚು ನಮ್ಮ ಅರ್ಧದಲ್ಲಿರಲಿ. ಇನ್ನೊಬ್ಬರು ಅವರ ಬಾಕ್ಸ್‌ನ ಅಂಚಿನಲ್ಲಿ, ಹೊರಬರುವ ಮೊದಲ ಪಾಸ್ ಕೆಡಿಸಲೆಂದೇ ನಿಲ್ಲಲಿ.

ಕಾರ್ನರ್, ಫ್ರೀಕಿಕ್, ಥ್ರೋಗಳನ್ನು ಉಪೇಕ್ಷಿಸಬೇಡಿ. ಪ್ರತಿದಾಳಿ ಗೋಲಾಗದೆ ಕಾರ್ನರ್ ಆಗಿ ಮುಗಿಯುವುದೇ ಹೆಚ್ಚು. 2004ರ ಯೂರೊ ಕಪ್‌ನಲ್ಲಿ ಗ್ರೀಸ್ ಕ್ವಾರ್ಟರ್‌ಫೈನಲ್, ಸೆಮಿಫೈನಲ್, ಫೈನಲ್ ಮೂರನ್ನೂ 1-0ಯಿಂದ ಗೆದ್ದಿತು. ಮೂರೂ ಹೆಡರ್ ಗೋಲು, ಕೊನೆಯ ಎರಡು ಕಾರ್ನರ್‌ನಿಂದ. ವಾರದಲ್ಲಿ ಇಪ್ಪತ್ತು ನಿಮಿಷ ಇದಕ್ಕೆ ಕೊಡಿ.

## ಹಂತ 8: ಕೊನೆಯ ಇಪ್ಪತ್ತು ನಿಮಿಷ

ಕತಾರ್ ಪಂದ್ಯಕ್ಕೆ ಐದು ದಿನ ಮುಂಚೆ, ಗುವಾಹಟಿಯಲ್ಲಿ ಭಾರತ ಒಮಾನ್ ವಿರುದ್ಧ ಆಡಿತ್ತು. 24ನೇ ನಿಮಿಷದಲ್ಲಿ ಛೇತ್ರಿ ಗೋಲು. 82ನೇ ನಿಮಿಷದವರೆಗೂ ಮುಂದಿದ್ದ ತಂಡ ಕೊನೆಗೆ 1-2ರಿಂದ ಸೋತಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಅದು. ಚೆಂಡಿಲ್ಲದೆ ಬದಿಯಿಂದ ಬದಿಗೆ ಸರಿಯುವವರ ಕಾಲು ಬೇಗ ಸೋಲುತ್ತದೆ.

ಆದ್ದರಿಂದ ಬದಲಿ ಆಟಗಾರರನ್ನು ಪಂದ್ಯಕ್ಕೆ ಮೊದಲೇ ಯೋಜಿಸಿ. ಜರ್ಮನಿ ವಿರುದ್ಧ 2022ರಲ್ಲಿ ಜಪಾನ್‌ನ ಎರಡೂ ಗೋಲು, ದೋಆನ್ 75ನೇ ನಿಮಿಷ ಮತ್ತು ಅಸಾನೊ 83ನೇ ನಿಮಿಷ, ಬದಲಿಯಾಗಿ ಬಂದವರವು. ನಿಮ್ಮ ಅತಿ ವೇಗದ ಆಟಗಾರನನ್ನು ಆರಂಭದಲ್ಲೇ ಇಳಿಸುವ ಆಸೆ ತಡೆದುಕೊಂಡು, ಎದುರಾಳಿಯ ಡಿಫೆಂಡರ್‌ಗಳು ದಣಿದ ಮೇಲೆ ಬಿಟ್ಟುನೋಡಿ. ಮೊದಲು ಬದಲಿಸಬೇಕಾದದ್ದು ಅಂಚಿನ ಮಿಡ್‌ಫೀಲ್ಡರ್‌ಗಳನ್ನು, ಎರಡೂ ಕೆಲಸ ಮಾಡಿ ಸುಸ್ತಾಗುವವರು ಅವರೇ.

ಸಮಯ ಕಳೆಯಲು ಗೋಲಿ ಚೆಂಡು ತಬ್ಬಿಕೊಂಡು ಮಲಗುವ ಹಳೆಯ ಉಪಾಯ ಈಗ ನಡೆಯುವುದಿಲ್ಲ. 2025ರಿಂದ ಬಂದ ನಿಯಮದಂತೆ ಎಂಟು ಸೆಕೆಂಡು ಮೀರಿ ಕೈಯಲ್ಲಿ ಹಿಡಿದರೆ ಎದುರಾಳಿಗೆ ಕಾರ್ನರ್.

## ಅಪಾಯದ ಸೂಚನೆಗಳು

ಬೆಂಚಿನಲ್ಲಿ ಕುಳಿತು ಇವನ್ನು ನೋಡಿ, ಕಂಡ ಕೂಡಲೇ ಕೂಗಿ ಸರಿಪಡಿಸಿ.

ಹಿಂಬದಿ ಸಾಲು ಐದು ನಿಮಿಷದಿಂದ ಬಾಕ್ಸ್‌ನೊಳಗೇ ಇದೆ: ಮುಂದಿನ ಪಾಸ್ ಹಿಂದಕ್ಕೆ ಹೋದಾಗ ಮೇಲೆ ಕರೆಯಿರಿ.

ಎದುರಾಳಿಯ ಮಿಡ್‌ಫೀಲ್ಡರ್ ಎರಡು ಸಾಲುಗಳ ನಡುವೆ ತಿರುಗಿ ನಿಮ್ಮ ಗೋಲಿನತ್ತ ಮುಖ ಮಾಡುತ್ತಿದ್ದಾನೆ: ಕಾವಲುಗಾರ ಜಾಗ ಬಿಟ್ಟು ಚೆಂಡಿನ ಹಿಂದೆ ಓಡುತ್ತಿದ್ದಾನೆ ಎಂದರ್ಥ.

ನಿಮ್ಮ ಸ್ಟ್ರೈಕರ್ ಕೈ ಚೆಲ್ಲಿ ಹಿಂದೆ ತಿರುಗಿ ನೋಡುತ್ತಿದ್ದಾನೆ: ಅವನಿಂದ ಹತ್ತಿರದ ಸಂಗಾತಿಗೆ ಮೂವತ್ತು ಮೀಟರ್ ದಾಟಿದೆ.

ಎದುರಾಳಿಯೇ ಹಿಂದೆ ಸರಿದು ನಿಮಗೆ ಚೆಂಡು ಕೊಡುತ್ತಿದ್ದಾರೆ. ಅತಿ ಕೆಟ್ಟ ಸೂಚನೆ ಇದೇ. ಜರ್ಮನಿ, ಸ್ಪೇನ್‌ಗಳನ್ನು ಸೋಲಿಸಿದ ಅದೇ ಜಪಾನ್ ಆ ಎರಡರ ನಡುವಿನ ಪಂದ್ಯದಲ್ಲಿ ಚೆಂಡು ತನ್ನ ಬಳಿ ಹೆಚ್ಚು ಹೊತ್ತು ಇದ್ದೂ ಕೋಸ್ಟರಿಕಾಗೆ 0-1ರಿಂದ ಸೋತಿತು. ಮೊರಾಕೊ ಕೂಡ ಸೆಮಿಫೈನಲ್‌ನಲ್ಲಿ ಐದನೇ ನಿಮಿಷಕ್ಕೇ ಫ್ರಾನ್ಸ್‌ಗೆ ಗೋಲು ಬಿಟ್ಟುಕೊಟ್ಟ ಮೇಲೆ ಉಳಿದ ಹೊತ್ತೆಲ್ಲ ಚೆಂಡು ಇಟ್ಟುಕೊಂಡು ಬಾಗಿಲು ತಟ್ಟುತ್ತಲೇ ಇತ್ತು, 0-2ರಿಂದ ಸೋತಿತು. ಗೋಲು ಬಿಟ್ಟುಕೊಟ್ಟರೆ ಏನು ಮಾಡುವುದು ಎಂಬ ಎರಡನೆಯ ಯೋಜನೆಯನ್ನು, ಬೇರೆ ಫಾರ್ಮೇಷನ್ ಮತ್ತು ಇಳಿಯುವ ಇಬ್ಬರ ಹೆಸರಿನ ಸಮೇತ, ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ.

## ಪಂದ್ಯ ಮುಗಿದ ಮೇಲೆ

ವಿಡಿಯೊ ಹಾಕಿ ಮೂರು ಲೆಕ್ಕ ಮಾಡಿ. ಚೆಂಡು ಎಷ್ಟು ಸಲ ಕಸಿದಿರಿ, ಅದರಲ್ಲಿ ಮೊದಲ ಪಾಸ್ ನಮ್ಮವರಿಗೇ ತಲುಪಿದ್ದು ಎಷ್ಟು, ಹೊಡೆತ ಅಥವಾ ಕಾರ್ನರ್‌ವರೆಗೆ ಹೋದದ್ದು ಎಷ್ಟು. ಮೊದಲ ಸಂಖ್ಯೆಯೇ ಕಡಿಮೆ ಇದ್ದರೆ ಹಂತ 4ಕ್ಕೆ, ಎರಡನೆಯದು ಕಡಿಮೆ ಇದ್ದರೆ ಹಂತ 5ಕ್ಕೆ, ಮೂರನೆಯದು ಕಡಿಮೆ ಇದ್ದರೆ ಹಂತ 6ಕ್ಕೆ ವಾಪಸ್ ಹೋಗಿ. ಒಂದೇ ವಾರದಲ್ಲಿ ಮೂರನ್ನೂ ಸರಿಪಡಿಸಲು ಹೋಗಬೇಡಿ. ಹಾಳೆಯ ಮೇಲೆ ದಿನಾಂಕ ಬರೆದಿಡಿ, ನಾಲ್ಕು ಪಂದ್ಯ ಆದ ಮೇಲೆ ಪಕ್ಕಪಕ್ಕ ಇಟ್ಟು ನೋಡಲು ಬೇಕಾಗುತ್ತದೆ.